ಪೋಷಕರ ಸಭೆ ಭಾನುವಾರ ಸಂಜೆಗಿರಲಿ

ಪೀಣ್ಯ, ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ ಸುತ್ತಮುತ್ತಲಿನ ಸರ್ಕಾರಿ ಶಾಲೆಗಳ ಎಸ್‌ಡಿಎಂಸಿ ಅಧ್ಯಕ್ಷರು, ಸದಸ್ಯರು ಮತ್ತು ಮುಖ್ಯಶಿಕ್ಷಕರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ಪೋಷಕರ ಸಭೆ ಮುಗಿದ ಮೇಲೆ ಶಾಲೆಯ ವರಾಂಡದಲ್ಲಿ ಒಂದು ಮಾತು ಕೇಳಿಬರುವುದುಂಟು: ‘ಆ ಶೆಡ್ಡುಗಳ ಕಡೆಯವರು ಈ ಸಲವೂ ಬರಲಿಲ್ಲ. ಮಕ್ಕಳನ್ನು ತಂದು ಸೇರಿಸ್ತಾರೆ, ಆಮೇಲೆ ಈ ಕಡೆ ತಲೆ ಹಾಕೋದಿಲ್ಲ.’ ಹಾಗೆ ಹೇಳುವವರು ಕೆಟ್ಟವರಲ್ಲ. ನಲಿ-ಕಲಿ ತರಗತಿ, ಬಿಸಿಯೂಟದ ಲೆಕ್ಕ, ಕಂಪ್ಯೂಟರಿಗೆ ತುಂಬಬೇಕಾದ ಮಾಹಿತಿ, ಮೇಲಿಂದ ಮೇಲೆ ಬರುವ ಸಮೀಕ್ಷೆ, ಇಷ್ಟೆಲ್ಲದರ ನಡುವೆ ಸಭೆ ಕರೆದು ಅರ್ಧ ಕುರ್ಚಿ ಖಾಲಿ ಉಳಿದರೆ ಯಾರಿಗಾದರೂ ಬೇಸರವಾಗುತ್ತದೆ.

ಆದರೆ ಅದೇ ಹೊತ್ತಿನಲ್ಲಿ ಆ ತಾಯಿತಂದೆಯರು ಎಲ್ಲಿದ್ದರು ಎಂದು ಒಮ್ಮೆ ನೋಡಬೇಕು. ಶನಿವಾರ ಬೆಳಗಿನ ಶಾಲೆ, ಸಭೆ ಹತ್ತೂವರೆಗೋ ಹನ್ನೊಂದಕ್ಕೋ. ಆಗ ಲಗ್ಗೆರೆ, ಹೆಗ್ಗನಹಳ್ಳಿಯ ತಾಯಿ ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ ಹೊಲಿಗೆ ಮೆಷಿನ್ ಮುಂದೆ ಕೂತಿರುತ್ತಾಳೆ. ಗಂಟೆಗಿಷ್ಟು ಪೀಸ್ ಎಂದು ಗುರಿ ಕೊಟ್ಟಿರುತ್ತಾರೆ, ಸೂಪರ್‌ವೈಸರ್ ಬೆನ್ನ ಹಿಂದೆಯೇ ಇರುತ್ತಾರೆ. ರಜೆ ಹಾಕಿದರೆ ಆ ದಿನದ ಸಂಬಳದ ಜೊತೆ ಹಾಜರಾತಿ ಬೋನಸ್ಸೂ ಕೈತಪ್ಪುತ್ತದೆ. ತೂಬರಹಳ್ಳಿಯ ತಾಯಿ ಅಪಾರ್ಟ್‌ಮೆಂಟಿನ ಮೂರನೆಯ ಮನೆಯಲ್ಲಿ ಪಾತ್ರೆ ತೊಳೆಯುತ್ತಿರುತ್ತಾಳೆ. ದೊಡ್ಡತೋಗೂರಿನ ತಂದೆ ಸೆಕ್ಯುರಿಟಿ ಕೆಲಸದ ರಾತ್ರಿ ಪಾಳಿ ಮುಗಿಸಿ ಆಗಷ್ಟೇ ಮಲಗಿರುತ್ತಾನೆ. ಗಾರೆ ಕೆಲಸದವರಿಗೋ ಅದು ವಾರದ ಬಟವಾಡೆಯ ದಿನ, ಮೇಸ್ತ್ರಿಯ ಕಣ್ಣಿಗೆ ಬೀಳದೆ ಹೋದರೆ ಕೂಲಿ ಮುಂದಿನ ವಾರಕ್ಕೆ. ಮಗುವಿನ ಓದಿನ ಬಗ್ಗೆ ಕಾಳಜಿ ಇಲ್ಲದ್ದರಿಂದ ಇವರು ಬರಲಿಲ್ಲ ಎಂದು ತೀರ್ಮಾನಿಸುವುದು ಸುಲಭ. ಅದು ತಪ್ಪು ತೀರ್ಮಾನ. ಸಭೆಯ ಹೊತ್ತನ್ನು ಗೊತ್ತುಮಾಡಿದವರು ಇವರನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ.

ಈ ಪತ್ರದ ಕೋರಿಕೆ ಇಷ್ಟೇ. ಆ ಪೋಷಕರು ಶಾಲೆಗೆ ಬರಲಿ ಎಂದು ಕಾಯುವುದನ್ನು ಬಿಟ್ಟು, ಅವರ ಹೊತ್ತಿಗೆ, ಅವರಿಗೆ ತಿಳಿಯುವ ಮಾತಿನಲ್ಲಿ, ಬೇಕಾದರೆ ಅವರಿರುವ ಜಾಗಕ್ಕೇ ಶಾಲೆ ಹೋಗಬೇಕು. ಇದು ಉಪಕಾರದ ಮಾತಲ್ಲ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆಯನ್ನು ತೆರೆದು ನೋಡಿ. ಪೋಷಕರ ಕರ್ತವ್ಯವೆಂದು ಅದರ 10ನೇ ಸೆಕ್ಷನ್ ಹೇಳುವುದು ಮಗುವನ್ನು ಶಾಲೆಗೆ ಸೇರಿಸುವುದನ್ನು. ಪೋಷಕರ ಜೊತೆ ನಿಯಮಿತವಾಗಿ ಸಭೆ ನಡೆಸಿ ಮಗುವಿನ ಹಾಜರಾತಿ, ಕಲಿಯುವ ಸಾಮರ್ಥ್ಯ, ಪ್ರಗತಿಯನ್ನು ತಿಳಿಸುವ ಹೊಣೆಯನ್ನು 24ನೇ ಸೆಕ್ಷನ್ ಹೊರಿಸಿರುವುದು ಶಿಕ್ಷಕರ ಮೇಲೆ. ತಿಳಿಸುವುದು ಎಂದರೆ ಕೇಳುವವರಿಗೆ ತಿಳಿದಾಗ ಮಾತ್ರ ಮುಗಿಯುವ ಕೆಲಸ.

ನಿಮ್ಮ ಸಮಿತಿಗಳ ಹುಟ್ಟನ್ನೂ ಇಲ್ಲಿ ನೆನೆಯಬೇಕು. ವಿಜ್ಞಾನಿ ರಾಜಾ ರಾಮಣ್ಣ ಅವರ ನೇತೃತ್ವದ ಶಿಕ್ಷಣ ಕಾರ್ಯಪಡೆ ಮಾಡಿದ ಶಿಫಾರಸಿನ ಮೇಲೆ 2001ರ ಏಪ್ರಿಲ್‌ನಲ್ಲಿ ಕರ್ನಾಟಕ ಸರ್ಕಾರ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳನ್ನು ರಚಿಸಿತು. ಊರ ಹಿರಿಯರ ಕೈಯಲ್ಲಿದ್ದ ಮೇಲುಸ್ತುವಾರಿ ಆಗ ಮಕ್ಕಳ ಪೋಷಕರ ಕೈಗೆ ಬಂತು. ದೇಶಕ್ಕೆಲ್ಲ ಒಂದು ಕಾಯ್ದೆ ಬರುವುದಕ್ಕೆ ಸುಮಾರು ಒಂದು ದಶಕ ಮೊದಲೇ ಕರ್ನಾಟಕ ಇಟ್ಟ ಹೆಜ್ಜೆ ಅದು. ‘ಸಮುದಾಯದತ್ತ ಶಾಲೆ’ ಎಂಬ ಕಾರ್ಯಕ್ರಮವನ್ನೂ ನೀವು ನಡೆಸಿದ್ದೀರಿ. ಈಗ ನಿಮ್ಮ ಶಾಲೆಯ ಸಮುದಾಯ ಯಾರು ಎಂಬುದೊಂದೇ ಬದಲಾಗಿದೆ.

ಅದು ಬದಲಾಗಿರುವುದು ಇವತ್ತಲ್ಲ. ಪೀಣ್ಯದ ಕೈಗಾರಿಕಾ ಪ್ರದೇಶ 1970ರ ದಶಕದಲ್ಲಿ ತಲೆಯೆತ್ತಿದಾಗ ಲೇತ್ ಮೆಷಿನ್ ತಿರುಗಿಸಲು ತುಮಕೂರು, ಮಂಡ್ಯ, ಹಾಸನದಿಂದ, ತಮಿಳುನಾಡಿನಿಂದ ಜನ ಬಂದರು. 1978ರಲ್ಲಿ ಆರ್.ಕೆ. ಬಾಳಿಗಾ ಅವರ ಕನಸಿನಂತೆ ಕಿಯೋನಿಕ್ಸ್ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ ಸಿಟಿಗೆ ಅಡಿಪಾಯ ಹಾಕಿತು. ವೈಟ್‌ಫೀಲ್ಡ್ ಎಂಬ ಊರೇ 1882ರಲ್ಲಿ ಮೈಸೂರು ಮಹಾರಾಜರು ಕೊಟ್ಟ ಜಮೀನಿನಲ್ಲಿ ಆಂಗ್ಲೋ ಇಂಡಿಯನ್ನರು ಬಂದು ನೆಲೆಸಿದ ಊರು. ಇಂದು ಎಸ್‌ಡಿಎಂಸಿಯಲ್ಲಿ ಕೂತಿರುವ ನಿಮ್ಮಲ್ಲೇ ಎಷ್ಟೋ ಮಂದಿಯ ತಂದೆ ತಾತ ಹೊರಗಿನಿಂದ ಬಂದು ಬಾಡಿಗೆ ವಠಾರದಲ್ಲಿ ಸಂಸಾರ ಹೂಡಿದವರು. ಈಗ ಬರುತ್ತಿರುವವರು ಯಾದಗಿರಿ, ರಾಯಚೂರು, ಕಲಬುರಗಿಯಿಂದ ಗುಳೆ ಬಂದವರು, ಲಂಬಾಣಿ ತಾಂಡಾಗಳಿಂದ ಬಂದವರು. ಜೊತೆಗೆ ಬಿಹಾರ, ಒಡಿಶಾ, ಜಾರ್ಖಂಡ್, ಪಶ್ಚಿಮ ಬಂಗಾಳ, ಅಸ್ಸಾಂ, ನೇಪಾಳದವರು.

ಮೊದಲ ಎಡವಟ್ಟು ದಾಖಲಾತಿಯ ಮೇಜಿನಲ್ಲೇ ಆಗುತ್ತದೆ. ಟಿಸಿ ಎಲ್ಲಿ, ಆಧಾರ್ ಎಲ್ಲಿ, ಜನನ ಪ್ರಮಾಣಪತ್ರ ಎಲ್ಲಿ, ಬಾಡಿಗೆ ಕರಾರು ಎಲ್ಲಿ? ತಗಡಿನ ಶೆಡ್ಡಿಗೆ ಕರಾರು ಪತ್ರ ಬರೆದುಕೊಡುವ ಮಾಲೀಕ ಇರುವುದಿಲ್ಲ. ಮುರ್ಶಿದಾಬಾದಿನ ಹಳ್ಳಿಯ ಶಾಲೆಯಿಂದ ಟಿಸಿ ತರಬೇಕಾದರೆ ರೈಲಿನಲ್ಲಿ ಹೋಗಿಬರಲು ವಾರವೇ ಹಿಡಿಯುತ್ತದೆ, ತಿಂಗಳ ಉಳಿತಾಯ ಕರಗುತ್ತದೆ. ‘ಕಾಗದ ತಗೊಂಡು ಬನ್ನಿ’ ಎಂದು ಕಳಿಸಿದ ತಾಯಿ ಮತ್ತೆ ಬರುವುದಿಲ್ಲ. ಆಕೆಯ ಮಗ ಆ ವರ್ಷ ಚಿಕ್ಕ ತಂಗಿಯನ್ನು ನೋಡಿಕೊಂಡು ಶೆಡ್ಡಿನಲ್ಲೇ ಉಳಿಯುತ್ತಾನೆ.

ಕಾನೂನು ಈ ವಿಷಯದಲ್ಲಿ ಗೊಂದಲಕ್ಕೆ ಎಡೆಯನ್ನೇ ಇಟ್ಟಿಲ್ಲ. ಟಿಸಿ ತಡವಾಯಿತೆಂದು ದಾಖಲಾತಿಯನ್ನು ತಡೆಯುವಂತಿಲ್ಲ (5ನೇ ಸೆಕ್ಷನ್). ವಯಸ್ಸಿನ ದಾಖಲೆ ಇಲ್ಲವೆಂದು ನಿರಾಕರಿಸುವಂತಿಲ್ಲ (14ನೇ ಸೆಕ್ಷನ್). ದಾಖಲಾತಿ ಅವಧಿ ಮುಗಿಯಿತೆಂದು ವಾಪಸ್ ಕಳಿಸುವಂತಿಲ್ಲ (15ನೇ ಸೆಕ್ಷನ್). ವಲಸೆ ಕುಟುಂಬಗಳ ಮಕ್ಕಳನ್ನು ಶಾಲೆಗೆ ಸೇರಿಸುವುದು ಸ್ಥಳೀಯ ಪ್ರಾಧಿಕಾರದ ಕರ್ತವ್ಯ ಎಂದು 9ನೇ ಸೆಕ್ಷನ್ ಹೆಸರಿಟ್ಟೇ ಹೇಳುತ್ತದೆ. ಆಧಾರ್ ಇಲ್ಲದ ಕಾರಣಕ್ಕೆ ಮಕ್ಕಳಿಗೆ ಯಾವ ಸೌಲಭ್ಯವೂ ತಪ್ಪಬಾರದೆಂದು ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್‌ನಲ್ಲಿ ತೀರ್ಪು ಕೊಟ್ಟಿದೆ. ಆಧಾರ್ ಪ್ರಾಧಿಕಾರವೇ ಅದೇ ತಿಂಗಳು ಸುತ್ತೋಲೆ ಹೊರಡಿಸಿ ಶಾಲೆಗಳು ದಾಖಲಾತಿ ನಿರಾಕರಿಸಬಾರದು ಎಂದಿತ್ತು. ಕಂಪ್ಯೂಟರಿನಲ್ಲಿ ಖಾನೆ ಖಾಲಿ ಬಿಟ್ಟರೆ ಮುಂದಕ್ಕೆ ಹೋಗುವುದಿಲ್ಲ ಎನ್ನುವುದು ಶಿಕ್ಷಕರ ನಿಜವಾದ ಕಷ್ಟ. ಆದರೆ ಆ ಕಷ್ಟವನ್ನು ಕ್ಷೇತ್ರ ಶಿಕ್ಷಣಾಧಿಕಾರಿ ಕಚೇರಿಗೆ ಒಯ್ದು ಬಗೆಹರಿಸಿಕೊಳ್ಳಬೇಕಾದವರು ನೀವು. ಓದು ಬಾರದ ತಾಯಿಯ ಹೆಗಲಿಗೆ ಅದನ್ನು ವರ್ಗಾಯಿಸುವುದು ನ್ಯಾಯವಲ್ಲ.

ಹಾಗಾಗಿ ಮೇ ಕೊನೆಯಲ್ಲಿ ಶಾಲೆ ಆರಂಭವಾಗುವಾಗ ಎಸ್‌ಡಿಎಂಸಿಯ ಒಬ್ಬ ಸದಸ್ಯರು ದಾಖಲಾತಿ ಮೇಜಿನ ಪಕ್ಕದಲ್ಲಿ ಕೂರಲಿ. ಬಂದವರು ಯಾರೂ ಕಾಗದದ ಕಾರಣಕ್ಕೆ ವಾಪಸ್ ಹೋಗದಂತೆ ನೋಡಿಕೊಳ್ಳುವುದೊಂದೇ ಅವರ ಕೆಲಸವಾಗಲಿ.

ಪಂಚಾಂಗದ ತೊಡಕೂ ಒಂದಿದೆ, ಅದನ್ನು ಗಮನಿಸುವವರು ಕಡಿಮೆ. ಪಶ್ಚಿಮ ಬಂಗಾಳದಲ್ಲಿ ಶಾಲಾ ವರ್ಷ ಶುರುವಾಗುವುದು ಜನವರಿಯಲ್ಲಿ, ಬಿಹಾರದಲ್ಲಿ ಏಪ್ರಿಲ್‌ನಲ್ಲಿ, ಇಲ್ಲಿ ಮೇ ಕೊನೆಗೆ. ಡಿಸೆಂಬರ್‌ನಲ್ಲಿ ಮೂರನೇ ತರಗತಿ ಮುಗಿಸಿ ಜನವರಿಯಲ್ಲಿ ಕುಂದಲಹಳ್ಳಿಗೆ ಬರುವ ಹುಡುಗಿಯನ್ನು ಇಲ್ಲಿ ನಾಲ್ಕನೇ ತರಗತಿಗೆ ಸೇರಿಸಿದರೆ ವರ್ಷದ ಮುಕ್ಕಾಲು ಪಾಠ ಆಗಿಹೋಗಿರುತ್ತದೆ. ಮೂರಕ್ಕೇ ಸೇರಿಸಿದರೆ ಓದಿದ್ದನ್ನೇ ಹೊಸ ಲಿಪಿಯಲ್ಲಿ ಓದಬೇಕು. ಏನು ಮಾಡುತ್ತಿದ್ದೀರಿ, ಯಾಕೆ ಮಾಡುತ್ತಿದ್ದೀರಿ ಎಂದು ಆ ಮಗುವಿನ ತಂದೆಗೆ ಕೂರಿಸಿ ಹೇಳಿದರೆ ಸಾಕು, ಅವರು ಒಪ್ಪುತ್ತಾರೆ. ಹೇಳದೇ ಹೋದಾಗ ‘ಇಲ್ಲಿ ಫೇಲ್ ಮಾಡಿದರು’ ಎಂದುಕೊಂಡು ಮಗುವನ್ನು ಊರಿಗೆ ಅಜ್ಜಿಯ ಹತ್ತಿರ ಕಳಿಸಿಬಿಡುತ್ತಾರೆ. ಎಂದೂ ಶಾಲೆಯ ಮುಖ ನೋಡದ ಹನ್ನೊಂದು ವರ್ಷದ ಹುಡುಗನನ್ನು ಒಂದನೇ ತರಗತಿಯ ಪುಟಾಣಿಗಳ ನಡುವೆ ಕೂರಿಸಬೇಕಿಲ್ಲ. ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿ ವಿಶೇಷ ತರಬೇತಿ ಕೊಡಬೇಕು, ಹದಿನಾಲ್ಕು ದಾಟಿದರೂ ಎಂಟನೇ ತರಗತಿ ಮುಗಿಯುವ ತನಕ ಉಚಿತವಾಗಿ ಕಲಿಸಬೇಕು ಎಂಬುದು 4ನೇ ಸೆಕ್ಷನ್. ಇದು ಗೊತ್ತಿಲ್ಲದೆ ‘ಇನ್ನೇನು ಓದ್ತಾನೆ ಬಿಡಿ, ದೊಡ್ಡವನಾದ’ ಎಂದು ಮಗನನ್ನು ಕೆಲಸಕ್ಕೆ ಹಚ್ಚಿದ ತಂದೆಯರು ಈ ಪ್ರದೇಶಗಳಲ್ಲಿ ಬಹಳ ಮಂದಿ ಇದ್ದಾರೆ.

ಇನ್ನು ಭಾಷೆ. ಇಲ್ಲಿ ಸ್ವಲ್ಪ ನಿಲ್ಲಬೇಕು.

ಕನ್ನಡ ಬಾರದ ತಾಯಿ ಶಾಲೆಗೆ ಬಂದಾಗ ಸಾಮಾನ್ಯವಾಗಿ ನಡೆಯುವುದು ಇದು. ಕನ್ನಡ ಕಲಿತುಬಿಟ್ಟಿರುವ ಹತ್ತು ವರ್ಷದ ಮಗಳನ್ನೇ ನಡುವೆ ನಿಲ್ಲಿಸಿ ಮಿಸ್ ಮಾತಾಡುತ್ತಾರೆ. ಮಗಳ ಮೇಲಿನ ದೂರನ್ನು ಮಗಳೇ ತಾಯಿಗೆ ಹೇಳಬೇಕು. ಅವಳು ಒಂದಷ್ಟನ್ನು ನುಂಗುತ್ತಾಳೆ, ಒಂದಷ್ಟನ್ನು ಬದಲಿಸುತ್ತಾಳೆ. ತಾಯಿ ತನ್ನ ಕಡೆಯಿಂದ ಏನನ್ನೂ ಕೇಳುವುದಿಲ್ಲ. ಮನೆಯಲ್ಲಿ ಗಂಡ ಕುಡಿಯುವುದನ್ನೋ, ಮಗಳಿಗೆ ರಾತ್ರಿ ಜ್ವರ ಬರುವುದನ್ನೋ, ಬೀದಿಯಲ್ಲಿ ಹುಡುಗರು ಕಾಡುವುದನ್ನೋ ಮಗಳ ಬಾಯಿಂದಲೇ ಹೇಳಿಸಲು ಯಾವ ತಾಯಿಗೆ ಮನಸ್ಸು ಬಂದೀತು? ಶಾಲೆಯ ಎದುರು ತಾಯಿ ಮಗುವಾಗುತ್ತಾಳೆ, ಮಗು ದೊಡ್ಡವರಾಗಬೇಕಾಗುತ್ತದೆ. ದಯವಿಟ್ಟು ಈ ಪದ್ಧತಿಯನ್ನು ಕೈಬಿಡಿ.

ಹಾಗೆಂದು ಸರ್ಕಾರ ಪ್ರತಿ ಶಾಲೆಗೂ ದುಭಾಷಿಯನ್ನು ನೇಮಿಸುವುದಿಲ್ಲ, ನಿಜ. ಆದರೆ ವೈಟ್‌ಫೀಲ್ಡ್‌ನಂಥ ಜಾಗದಲ್ಲಿ ದುಭಾಷಿಗಳಿಗೆ ಬರವೇ? ಒಡಿಯಾ ಮಾತಾಡುವ ಗಾರೆಯವನ ಶೆಡ್ ಇರುವುದು ಒಡಿಯಾ ಮಾತಾಡುವ ಇಂಜಿನಿಯರ್ ಬದುಕುವ ಅಪಾರ್ಟ್‌ಮೆಂಟಿನ ಕಾಂಪೌಂಡಿಗೆ ಅಂಟಿಕೊಂಡು. ಬಂಗಾಳಿ, ಅಸ್ಸಾಮಿ, ಭೋಜ್‌ಪುರಿ, ಮೈಥಿಲಿ ಬಲ್ಲವರು ಆ ಗೋಡೆಯ ಎರಡೂ ಬದಿಯಲ್ಲಿದ್ದಾರೆ. ಕ್ಯಾಂಪಸ್ಸುಗಳ, ನಿವಾಸಿ ಸಂಘಗಳ ಸ್ವಯಂಸೇವಕರು ನಿಮ್ಮ ಶಾಲೆಗಳಿಗೆ ಬರುತ್ತಲೇ ಇರುತ್ತಾರೆ. ಗೋಡೆಗೆ ಬಣ್ಣ ಬಳಿಯುತ್ತಾರೆ, ಬ್ಯಾಗು ಹಂಚುತ್ತಾರೆ, ಫೋಟೊ ತೆಗೆಸಿಕೊಳ್ಳುತ್ತಾರೆ. ಅವರಿಂದ ಬಣ್ಣದ ಬದಲು ಭಾಷೆಯನ್ನು ಕೇಳಿ. ತಿಂಗಳಿಗೆ ಎರಡು ಗಂಟೆ ಬಂದು ಮಿಸ್ ಮತ್ತು ತಾಯಿಯ ನಡುವೆ ಕೂತು ಮಾತು ದಾಟಿಸಿದರೆ ಹತ್ತು ಗೋಡೆಗೆ ಬಣ್ಣ ಬಳಿದುದಕ್ಕಿಂತ ದೊಡ್ಡ ಸಹಾಯ. ಪೀಣ್ಯದಲ್ಲಿ ಅಷ್ಟು ಇಂಜಿನಿಯರುಗಳು ಸಿಗದಿರಬಹುದು. ಅಲ್ಲಿ ಏಳೆಂಟು ವರ್ಷದ ಹಿಂದೆ ಬಂದು ಕನ್ನಡ ಕಲಿತ ತಾಯಂದಿರು ನಿಮ್ಮ ಏಳನೇ ತರಗತಿ ಮಕ್ಕಳ ಮನೆಗಳಲ್ಲೇ ಇದ್ದಾರೆ. ಅವರನ್ನು ಗೌರವದಿಂದ ಕರೆದು ಕೂರಿಸಿ.

ಹಿಂದಿಯಲ್ಲಿ ಹೇಳಿದರೆ ಎಲ್ಲರಿಗೂ ತಿಳಿಯುತ್ತದೆ ಎಂಬ ನಂಬಿಕೆಯೂ ಸರಿಯಲ್ಲ. ಒಡಿಶಾದ ಒಳನಾಡಿನ ತಾಯಿಗೆ, ಸಂತಾಲಿ ಮನೆಮಾತಿನ ತಂದೆಗೆ ಹಿಂದಿ ನಮ್ಮ ಹಳ್ಳಿಯವರಿಗೆ ಇರುವಷ್ಟೇ ದೂರ.

ಕೇರಳದ ಎರ್ನಾಕುಲಂ ಜಿಲ್ಲೆ ಈ ದಾರಿಯಲ್ಲಿ ನಡೆದು ತೋರಿಸಿದೆ. ಅಲ್ಲಿನ ಬಿನಾನಿಪುರಂ ಸರ್ಕಾರಿ ಶಾಲೆಯಲ್ಲಿ 2017ರಲ್ಲಿ ‘ರೋಶ್ನಿ’ ಎಂಬ ಯೋಜನೆ ಶುರುವಾಯಿತು. ವಲಸೆ ಮಕ್ಕಳ ಮನೆಮಾತು ಬಲ್ಲ ಸ್ವಯಂಸೇವಕರನ್ನು ಶಾಲೆಗೆ ತಂದರು. ಮಾಮೂಲಿ ತರಗತಿಗೆ ಮುಂಚೆ ಬೆಳಿಗ್ಗೆ ವಿಶೇಷ ತರಗತಿ, ಅದಕ್ಕೆ ಬರುವ ಮಕ್ಕಳಿಗೆ ತಿಂಡಿ. ಹಿಂದಿ, ಬಂಗಾಳಿ, ಒಡಿಯಾದಲ್ಲಿ ಶುರುಮಾಡಿದ ಮಾತನ್ನು ಮೆಲ್ಲಗೆ ಮಲಯಾಳಕ್ಕೆ ಹೊರಳಿಸುತ್ತ ಪಾಠ ಮಾಡಿದರು. ಖರ್ಚಿನ ಭಾರ ಹೊತ್ತದ್ದು ಭಾರತ್ ಪೆಟ್ರೋಲಿಯಂನ ಕೊಚ್ಚಿ ತೈಲಾಗಾರ, ತನ್ನ ಸಾಮಾಜಿಕ ಹೊಣೆಗಾರಿಕೆಯ ನಿಧಿಯಿಂದ. ಒಂದು ಶಾಲೆಯಲ್ಲಿ ಶುರುವಾದದ್ದು ಜಿಲ್ಲೆಯ ಹತ್ತಾರು ಶಾಲೆಗಳಿಗೆ ಹಬ್ಬಿತು. ಎಲೆಕ್ಟ್ರಾನಿಕ್ ಸಿಟಿಯ ಕಂಪನಿಗಳಿಗೆ ಅಂಥ ನಿಧಿಯ ಕೊರತೆಯಿಲ್ಲ. ಏನು ಬೇಕೆಂದು ಕೇಳುವವರು ಬೇಕು, ಕೇಳಬೇಕಾದವರು ನೀವು.

ಕನ್ನಡದ ನೆಲದಲ್ಲಿ ಬೇರೆ ಭಾಷೆಗೆ ಇಷ್ಟು ಮನ್ನಣೆ ಏಕೆ ಎಂಬ ಪ್ರಶ್ನೆ ನಿಮ್ಮಲ್ಲಿ ಕೆಲವರಿಗೆ ಬರಬಹುದು. ಬರಲೇಬೇಕಾದ ಪ್ರಶ್ನೆ ಅದು, ಬದಿಗೆ ಸರಿಸುವಂಥದ್ದಲ್ಲ. ಉತ್ತರಕ್ಕೆ ಮುಂಬಯಿಯ ಕಡೆ ನೋಡಬಹುದು. ಕಳೆದ ಶತಮಾನದಲ್ಲಿ ದಕ್ಷಿಣ ಕನ್ನಡ, ಉಡುಪಿ ಕಡೆಯ ಹುಡುಗರು ಹೋಟೆಲುಗಳಲ್ಲಿ ಲೋಟ ತೊಳೆಯಲು ಮುಂಬಯಿಗೆ ಹೋದಾಗ ಅವರನ್ನು ಓದಿಸಿದ್ದು ರಾತ್ರಿ ಶಾಲೆಗಳು. ಮೊಗವೀರ ಸಮುದಾಯದವರು 1908ರಲ್ಲೇ ಅಲ್ಲೊಂದು ರಾತ್ರಿ ಶಾಲೆ ತೆರೆದಿದ್ದರು. ಹಗಲೆಲ್ಲ ದುಡಿಯುವವರಿಗೆ ಹಗಲು ಶಾಲೆ ಇಟ್ಟು ‘ಅವರು ಬರುವುದಿಲ್ಲ’ ಎಂದು ಆ ಹಿರಿಯರು ದೂರಲಿಲ್ಲ, ಶಾಲೆಯ ಹೊತ್ತನ್ನೇ ಬದಲಿಸಿದರು. ಮುಂಬಯಿ ಮಹಾನಗರಪಾಲಿಕೆ ಎಂಟು ಭಾಷೆಗಳಲ್ಲಿ ಶಾಲೆ ನಡೆಸಿತು, ಅವುಗಳಲ್ಲಿ ಕನ್ನಡವೂ ಒಂದು. ಮರಾಠಿಯ ನೆಲದಲ್ಲಿ ಕನ್ನಡದ ಕೂಲಿಕಾರನ ಮಗುವಿಗೆ ಸಿಕ್ಕ ಆ ಗೌರವ ಸರಿಯಾಗಿತ್ತು ಎಂದು ನಾವೆಲ್ಲ ನಂಬುತ್ತೇವಲ್ಲ.

ಇಲ್ಲಿ ಕೇಳುತ್ತಿರುವುದು ಅಷ್ಟೂ ಅಲ್ಲ. ಮಕ್ಕಳು ಕನ್ನಡದಲ್ಲೇ ಕಲಿಯಲಿ, ಚೆನ್ನಾಗಿ ಕಲಿಯಲಿ. ತಾಯಿತಂದೆಯರೊಡನೆ ಮಾತ್ರ ಅವರಿಗೆ ತಿಳಿಯುವಂತೆ ಮಾತಾಡಿ. ಅವರಿಗೆ ಕನ್ನಡ ಕಲಿಯುವ ಆಸೆಯೂ ಇದೆ. ಸೊಪ್ಪಿನ ಗಾಡಿ, ಬಸ್ಸು, ಆಸ್ಪತ್ರೆ, ಠಾಣೆ ಎಲ್ಲ ಕಡೆ ಕನ್ನಡ ಬೇಕೆಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕೇರಳದ ಪೆರುಂಬಾವೂರಿನಲ್ಲಿ ವಲಸೆ ಕಾರ್ಮಿಕರಿಗೆ ಮಲಯಾಳ ಕಲಿಸಲು ಅಲ್ಲಿನ ಸಾಕ್ಷರತಾ ಮಿಷನ್ ‘ಚಂಗಾತಿ’ ಎಂಬ ಯೋಜನೆ ನಡೆಸಿ ಪಠ್ಯಪುಸ್ತಕವನ್ನೇ ಮಾಡಿತು. ನಮ್ಮಲ್ಲಿ ಕನ್ನಡ ಅಭಿವೃದ್ಧಿ ಪ್ರಾಧಿಕಾರ ಕನ್ನಡೇತರರಿಗೆ ಕಲಿಕಾ ತರಗತಿಗಳನ್ನು ನಡೆಸುತ್ತದೆ. ಅಂಥ ಒಂದು ತರಗತಿ ಸಂಜೆ ಏಳಕ್ಕೆ ನಿಮ್ಮ ಶಾಲೆಯ ಕೊಠಡಿಯಲ್ಲೇ ನಡೆಯಲಿ. ಮಗ ಕೂರುವ ಬೆಂಚಿನ ಮೇಲೆ ಕೂತು ಅಮ್ಮ ಅ ಆ ಇ ಈ ತಿದ್ದಿದರೆ ಶಾಲೆಯ ಗೇಟಿನ ಹೆದರಿಕೆ ತಾನಾಗಿ ಹೋಗುತ್ತದೆ.

ಮನೆಯಲ್ಲೂ ಕನ್ನಡವನ್ನೇ ಮಾತಾಡಿ ಎಂಬ ಸಲಹೆಯನ್ನು ಕೆಲವು ಶಿಕ್ಷಕರು ಒಳ್ಳೆಯ ಮನಸ್ಸಿನಿಂದಲೇ ಕೊಡುತ್ತಾರೆ. ಕೊಡಬಾರದು. ನಾಲ್ಕು ಕನ್ನಡ ಪದ ಬಲ್ಲ ತಾಯಿ ಆ ನಾಲ್ಕೇ ಪದದಲ್ಲಿ ಮಗನೊಡನೆ ಮಾತಾಡಲು ಹೊರಟರೆ ಮನೆಯಲ್ಲಿ ಕಥೆ ನಿಲ್ಲುತ್ತದೆ, ಲೆಕ್ಕಾಚಾರ ನಿಲ್ಲುತ್ತದೆ, ಬುದ್ಧಿಮಾತು ನಿಲ್ಲುತ್ತದೆ. ವೈಟ್‌ಫೀಲ್ಡ್‌ಗೆ ಹೆಚ್ಚೇನೂ ದೂರವಿಲ್ಲದ ಮಾಲೂರು ತಾಲ್ಲೂಕಿನ ಮಾಸ್ತಿ ಗ್ರಾಮದಿಂದ ಬಂದ ಮಾಸ್ತಿ ವೆಂಕಟೇಶ ಅಯ್ಯಂಗಾರರ ಮನೆಮಾತು ತಮಿಳು. ಬೇಂದ್ರೆಯವರದು ಮರಾಠಿ. ಗಿರೀಶ ಕಾರ್ನಾಡರದು ಕೊಂಕಣಿ, ನಿಸಾರ್ ಅಹಮದರದು ಉರ್ದು. ಮನೆಯ ಮಾತು ಗಟ್ಟಿಯಾಗಿದ್ದ ಮಕ್ಕಳು ಕನ್ನಡವನ್ನು ಎಲ್ಲಿಗೆ ಒಯ್ದರು ಎಂಬುದಕ್ಕೆ ಬೇರೆ ಪುರಾವೆ ಬೇಕಿಲ್ಲ. ಹೂಡಿ, ಕಾಡುಗೋಡಿ, ವರ್ತೂರಿನ ಹಳೆಯ ಮನೆಗಳಲ್ಲಿ ಇಂದಿಗೂ ತೆಲುಗು, ತಮಿಳು ಕೇಳುತ್ತದೆ. ಅಲ್ಲಿನ ಮಕ್ಕಳಿಗೆ ಕನ್ನಡ ಕಲಿಸಿದ ಮೇಷ್ಟ್ರುಗಳಿಗೆ ಈ ವಿದ್ಯೆ ಹೊಸದಲ್ಲ.

‘ನಮಗೆ ಓದು ಬರದು, ನಾವೇನು ಹೇಳಿಕೊಡೋದು’ ಎನ್ನುವ ಪೋಷಕರಿಗೆ ಏನು ಮಾಡಬಹುದೆಂದು ಬಿಡಿಸಿ ಹೇಳಬೇಕು. ಇವತ್ತು ಏನು ಪಾಠ ಆಯಿತು ಎಂದು ರಾತ್ರಿ ಊಟದ ಹೊತ್ತಿಗೆ ನಿಮ್ಮ ಭಾಷೆಯಲ್ಲೇ ಕೇಳಿ, ಮಗು ನಿಮ್ಮ ಭಾಷೆಯಲ್ಲೇ ಹೇಳಲಿ. ಪುಸ್ತಕದ ಚಿತ್ರ ತೋರಿಸಿ ಕಥೆ ಹೇಳಿಸಿ. ಬೆಳಿಗ್ಗೆ ನೀವು ಏಳಕ್ಕೆ ಹೊರಟರೂ ಮಗು ಒಂಬತ್ತೂವರೆಗೆ ಶಾಲೆಯಲ್ಲಿದೆಯೇ ಎಂದು ಪಕ್ಕದ ಶೆಡ್ಡಿನವರಿಂದ ತಿಳಿದುಕೊಳ್ಳಿ. ಇದಕ್ಕೆ ಅಕ್ಷರ ಬೇಕಿಲ್ಲ. ಶಾಲೆಯ ವಾಟ್ಸಾಪ್ ಗುಂಪಿನಲ್ಲಿ ಉದ್ದನೆಯ ಕನ್ನಡ ಬರಹ ಹಾಕುವ ಬದಲು ಅರ್ಧ ನಿಮಿಷದ ಧ್ವನಿ ಸಂದೇಶ ಕಳಿಸಿ. ನಾಳೆ ರಜೆ, ಸೋಮವಾರ ಲಸಿಕೆ, ಶೂ ಬಂದಿದೆ. ಅದನ್ನೇ ಬಂಗಾಳಿಯಲ್ಲಿ ಒಬ್ಬ ತಾಯಿ, ಒಡಿಯಾದಲ್ಲಿ ಇನ್ನೊಬ್ಬರು ಹೇಳಿ ಹಾಕಲಿ. ಫೋನು ಅಪ್ಪನ ಜೇಬಿನಲ್ಲಿರುತ್ತದೆ, ಹಗಲು ಅಮ್ಮನಿಗೆ ಸಿಗುವುದಿಲ್ಲ ಎಂಬುದೂ ನೆನಪಿರಲಿ. ಇಬ್ಬರ ನಂಬರನ್ನೂ ಬರೆದುಕೊಳ್ಳಿ.

ಪೋಷಕರು ಶಾಲೆಗೆ ಕೊಡಬಲ್ಲದ್ದೂ ಇದೆ, ಕೇಳಿದರೆ. ಅಮೆರಿಕದ ಅರಿಜೋನಾ ರಾಜ್ಯದ ಟೂಸಾನ್ ನಗರದಲ್ಲಿ ಲೂಯಿಸ್ ಮಾಲ್ ಎಂಬ ಸಂಶೋಧಕ ಮತ್ತು ಅವರ ಸಂಗಡಿಗರು ಮೆಕ್ಸಿಕೊ ಮೂಲದ ಕೂಲಿ ಕುಟುಂಬಗಳ ಮನೆಗಳಿಗೆ ಶಾಲಾ ಶಿಕ್ಷಕರನ್ನು ಕಳಿಸಿದರು. ಬುದ್ಧಿ ಹೇಳಲು ಅಲ್ಲ, ಕೇಳಿ ತಿಳಿಯಲು. ಆ ಮನೆಗಳಲ್ಲಿ ಕಟ್ಟಡ, ಬೇಸಾಯ, ದನಕರು, ಮನೆಮದ್ದಿನ ಬಗ್ಗೆ ಇದ್ದ ಅರಿವನ್ನು ಕಂಡ ಶಿಕ್ಷಕರು ಅದರ ಮೇಲೆಯೇ ಪಾಠ ಕಟ್ಟಿದರು. 1992ರಲ್ಲಿ ಪ್ರಕಟವಾದ ಅವರ ಲೇಖನ ಇಂದಿಗೂ ಶಿಕ್ಷಕರ ತರಬೇತಿಯಲ್ಲಿ ಓದಿಸುವಂಥದ್ದು. ನಿಮ್ಮ ಶಾಲೆಯ ಐದನೇ ತರಗತಿಯಲ್ಲಿ ಕೋನ, ಲಂಬ, ಅಳತೆಯ ಪಾಠ ಬರುವ ವಾರ ರಾಯಚೂರಿನ ಒಬ್ಬ ಗಾರೆಯವರನ್ನು ತೂಕದ ಗುಂಡು, ರಸಮಟ್ಟದ ಜೊತೆ ಕರೆಸಿ. ಗಾರ್ಮೆಂಟ್ಸ್‌ನ ತಾಯಿಗೆ ಒಂದು ಮೀಟರ್ ಬಟ್ಟೆಯಲ್ಲಿ ಎಷ್ಟು ಕಾಲರ್ ಬರುತ್ತದೆಂದು ಕೇಳಿ. ತಂದೆಯನ್ನು ‘ಸಾರ್’ ಎಂದು ಕರೆಯುವ ತರಗತಿಯನ್ನು ಕಂಡ ಹುಡುಗ ಮಾರನೆಯ ದಿನ ತಪ್ಪಿಸಿಕೊಳ್ಳುವುದು ಕಡಿಮೆ.

ಇನ್ನು ಊರಿಗೆ ಹೋಗುವ ಮಾತು. ಛಠ್ ಹಬ್ಬಕ್ಕೆ, ದುರ್ಗಾ ಪೂಜೆಗೆ, ಬಿಹುವಿಗೆ, ರಾಯಚೂರು ಕಡೆಯವರಾದರೆ ಸುಗ್ಗಿಗೆ, ಜಾತ್ರೆಗೆ, ಇವರು ಹೋಗಿಯೇ ಹೋಗುತ್ತಾರೆ. ಮೂರು ವಾರ, ಕೆಲವೊಮ್ಮೆ ಎರಡು ತಿಂಗಳು. ಹಾಜರಾತಿ ಪುಸ್ತಕದಲ್ಲಿ ಸಾಲುಗಟ್ಟಿ ಗೈರು ಬೀಳುತ್ತದೆ, ಕೊನೆಗೆ ಹೆಸರು ಹೊಡೆದು ಹಾಕುತ್ತಾರೆ, ಮರಳಿ ಬಂದ ಮಗುವಿಗೆ ಜಾಗವಿರುವುದಿಲ್ಲ. ಹೋಗುವ ಮುಂಚೆ ಶಾಲೆಗೆ ಹೇಳಿ ಹೋಗುವುದು, ಹೋಗುವಾಗ ಪುಸ್ತಕ ಒಯ್ಯುವುದು, ಬರುವ ದಿನ ತಿಳಿಸುವುದು, ಇದನ್ನು ರೂಢಿಗೆ ತರಲು ಪೋಷಕರ ಜೊತೆ ಒಂದು ಸಂಜೆಯ ಮಾತು ಸಾಕು. ಪೂರ್ತಿ ಬಿಟ್ಟು ಹೋಗುವವರಿದ್ದರೆ ಟಿಸಿಯನ್ನು ಅದೇ ದಿನ ಬರೆದುಕೊಡಿ. ಅದನ್ನು ತಡಮಾಡುವ ಮುಖ್ಯಶಿಕ್ಷಕರ ಮೇಲೆ ಶಿಸ್ತುಕ್ರಮಕ್ಕೆ ಕಾಯ್ದೆಯಲ್ಲೇ ಅವಕಾಶವಿದೆ. ಟಿಸಿಯ ಜೊತೆ ಮಗುವಿನ ಎಸ್‌ಎಟಿಎಸ್ ಸಂಖ್ಯೆ, ಶಾಲೆಯ ಫೋನ್ ನಂಬರ್ ಬರೆದ ಚೀಟಿಯೂ ಇರಲಿ.

ತಾವಾಗಿ ಹೋಗುವವರು ಮಾತ್ರವಲ್ಲ, ಎಬ್ಬಿಸಲ್ಪಡುವವರೂ ಇದ್ದಾರೆ. 2020ರ ಜನವರಿಯಲ್ಲಿ ಬೆಳ್ಳಂದೂರು ಬಳಿಯ ಕರಿಯಮ್ಮನ ಅಗ್ರಹಾರದಲ್ಲಿ ನೂರಾರು ಶೆಡ್ಡುಗಳನ್ನು ನೆಲಸಮ ಮಾಡಿದರು. ಅಲ್ಲಿದ್ದವರು ಬಾಂಗ್ಲಾದೇಶಿಗಳು ಎಂದು ಹೇಳಲಾಗಿತ್ತು. ಉತ್ತರ ಕರ್ನಾಟಕದ ಕನ್ನಡಿಗರೂ ಆ ಶೆಡ್ಡುಗಳಲ್ಲಿದ್ದರು. ಹೈಕೋರ್ಟ್ ಆ ಕ್ರಮವನ್ನು ಒಪ್ಪಲಿಲ್ಲ. ಅಂಥ ದಿನಗಳಲ್ಲಿ ಮಗುವಿನ ಶಾಲಾ ದಾಖಲೆ ಆ ಕುಟುಂಬದ ಕೈಯಲ್ಲಿರುವ ಕೆಲವೇ ನಂಬಲರ್ಹ ಕಾಗದಗಳಲ್ಲೊಂದು. ಅದನ್ನು ಕೊಡಬಲ್ಲವರು, ಈ ಮಕ್ಕಳು ನಮ್ಮ ಶಾಲೆಯವರು ಎಂದು ಎದ್ದು ನಿಂತು ಹೇಳಬಲ್ಲವರು ನೀವು.

ಕಟ್ಟಡ ನಿರ್ಮಾಣದ ಜಾಗದಲ್ಲೇ ಟೆಂಟ್ ಶಾಲೆ ನಡೆಸಿದ ಅನುಭವ ಕರ್ನಾಟಕಕ್ಕಿದೆ. ಸರ್ವ ಶಿಕ್ಷಾ ಅಭಿಯಾನದ ಕಾಲದಲ್ಲಿ ಅದು ಎಷ್ಟೋ ಮಕ್ಕಳಿಗೆ ಮೊದಲ ಅಕ್ಷರ ಕೊಟ್ಟಿತು. ಆದರೆ ಕಟ್ಟಡ ಮುಗಿದಾಗ ಟೆಂಟೂ ಏಳುತ್ತದೆ. ಸರ್ಜಾಪುರ ರಸ್ತೆಯ ಕಡೆ ‘ಗುಬ್ಬಚ್ಚಿ’ಯಂಥ ಸಂಸ್ಥೆಗಳು ಶಾಲೆ ಬಿಟ್ಟ, ಶಾಲೆ ಕಾಣದ ವಲಸೆ ಮಕ್ಕಳನ್ನು ತಯಾರು ಮಾಡಿ ಸರ್ಕಾರಿ ಶಾಲೆಗೆ ಸೇರಿಸುವ ಕೆಲಸ ಮಾಡುತ್ತಿವೆ. ಅವು ಕಟ್ಟುವ ಸೇತುವೆಯ ಆಚೆ ತುದಿಯಲ್ಲಿ ಇರುವುದು ನಿಮ್ಮ ಶಾಲೆಯೇ. ಅಲ್ಲಿ ತಾಯಿತಂದೆಗೆ ಸ್ವಾಗತವಿಲ್ಲದಿದ್ದರೆ ಆ ಸಂಸ್ಥೆಗಳ ದುಡಿಮೆಯೂ ವ್ಯರ್ಥ.

ಕೊನೆಯದಾಗಿ ಕುರ್ಚಿಯ ಮಾತು. ಎಸ್‌ಡಿಎಂಸಿಯಲ್ಲಿ ಮುಕ್ಕಾಲು ಪಾಲು ಪೋಷಕರು, ಒಟ್ಟು ಸದಸ್ಯರಲ್ಲಿ ಅರ್ಧ ಮಹಿಳೆಯರು, ಅವಕಾಶವಂಚಿತ ಮತ್ತು ದುರ್ಬಲ ವರ್ಗದ ಮಕ್ಕಳ ಪೋಷಕರಿಗೆ ಅವರ ಪ್ರಮಾಣಕ್ಕೆ ತಕ್ಕ ಸ್ಥಾನ ಎಂದು 21ನೇ ಸೆಕ್ಷನ್ ಹೇಳುತ್ತದೆ. ಮಗು ಆ ಶಾಲೆಯಲ್ಲಿ ಓದುತ್ತಿರಬೇಕು ಎಂಬುದನ್ನು ಬಿಟ್ಟರೆ, ಇಲ್ಲಿನ ಮತದಾರರ ಚೀಟಿ ಇರಬೇಕು, ಕನ್ನಡ ಓದಲು ಬರಬೇಕು ಎಂದೆಲ್ಲ ಅದು ಕೇಳುವುದಿಲ್ಲ. ಬೊಮ್ಮಸಂದ್ರದ ಶಾಲೆಯೊಂದರಲ್ಲಿ ಮೂರರಲ್ಲೊಂದು ಪಾಲು ಮಕ್ಕಳು ವಲಸೆ ಮನೆಗಳವರಾಗಿದ್ದರೆ ಸಮಿತಿಯಲ್ಲೂ ಅವರ ತಾಯಿತಂದೆಯರು ಅಷ್ಟೇ ಪ್ರಮಾಣದಲ್ಲಿ ಕಾಣಬೇಕು. ಸಮಿತಿಯ ಸದಸ್ಯರನ್ನು ಆರಿಸುವ ಮುಂದಿನ ಪೋಷಕರ ಪರಿಷತ್ತಿನ ನೋಟಿಸನ್ನು ಶಾಲೆಯ ಗೋಡೆಯ ಜೊತೆ ಲೇಬರ್ ಕಾಲೊನಿಯ ನಲ್ಲಿಯ ಹತ್ತಿರ, ಕಿರಾಣಿ ಅಂಗಡಿಯ ಬಾಗಿಲಲ್ಲೂ ಅಂಟಿಸಿ, ಧ್ವನಿ ಸಂದೇಶದಲ್ಲೂ ಕಳಿಸಿ, ಸಭೆಯನ್ನು ಭಾನುವಾರ ಸಂಜೆ ಐದಕ್ಕೆ ಇಡಿ, ರಜೆಯ ದಿನ ದುಡಿಯುವ ಶಿಕ್ಷಕರಿಗೆ ಬದಲಿ ರಜೆಯನ್ನು ಇಲಾಖೆಯಿಂದ ಕೇಳಿ ಪಡೆಯಿರಿ. ಆಯ್ಕೆಯಾದ ಒಡಿಯಾ ತಾಯಿ ಮೊದಲ ಸಭೆಯಲ್ಲಿ ಮಾತಾಡದೇ ಇರಬಹುದು. ಎರಡನೆಯದರಲ್ಲಿ ಸಂಜೆ ನಾಲ್ಕೂವರೆಗೆ ಶಾಲೆಯ ಗೇಟು ಮುಚ್ಚಿದ ಮೇಲೆ ಆರೂವರೆಯವರೆಗೆ ಮಕ್ಕಳು ಎಲ್ಲಿರಬೇಕು ಎಂದು ಕೇಳಬಹುದು. ಆ ಪ್ರಶ್ನೆಯನ್ನು ಅವರ ಹೆಸರಿನಲ್ಲೇ ನಡವಳಿ ಪುಸ್ತಕದಲ್ಲಿ ಬರೆದು, ಶಾಲಾಭಿವೃದ್ಧಿ ಯೋಜನೆಯಲ್ಲಿ ಅದಕ್ಕೊಂದು ಸಾಲು ಸೇರಿಸಿ.

ಇಂತಿ,
ನಿಮ್ಮ ಶಾಲೆಗಳ ಹಿತೈಷಿ